ಮನೆಯಿಂದಲೇ ಕೆಲಸ ಮಾಡುವಾಗ ಮಗುವನ್ನು ನೋಡಿಕೊಳ್ಳಲು ಬೇರೆಯವರು ಬೇಕೇ?

ಪುಟ್ಟಿಯ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 11 ತಿಂಗಳು. 26 ವಾರಗಳ ಹೆರಿಗೆ ರಜೆ ಮುಗಿದ ಮೇಲೆ ವಾರಕ್ಕೆ 4 ದಿನ ಮನೆಯಿಂದ, ಒಂದು ದಿನ ಕಚೇರಿಯಿಂದ ಕೆಲಸ ಮಾಡಲು ಕಂಪನಿಯವರು ಒಪ್ಪಿದ್ದಾರೆ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ; ತಂಡದ ಅರ್ಧದಷ್ಟು ಜನ ಅಮೆರಿಕದ ಪೂರ್ವ ಕರಾವಳಿಯಲ್ಲಿರುವುದರಿಂದ ದಿನದ ಮುಖ್ಯ ಮೀಟಿಂಗ್ ನಮ್ಮ ಸಂಜೆ 6 ಗಂಟೆಗೆ ಶುರುವಾಗುತ್ತದೆ. ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಅವರ ಯಂತ್ರ ಮನೆಗೆ ಬರುವಂಥದ್ದಲ್ಲ.

ಇಷ್ಟು ದಿನ ಮಗುವನ್ನು ನೋಡಿಕೊಂಡದ್ದು ಅತ್ತೆಯವರು. ತಿಪಟೂರಿನ ಹತ್ತಿರದ ಊರಿನಲ್ಲಿ ಮಾವನವರು ಒಬ್ಬರೇ ಇದ್ದಾರೆ, ತೆಂಗಿನ ತೋಟವಿದೆ, ಹೀಗಾಗಿ ಮುಂದಿನ ತಿಂಗಳು ಅತ್ತೆ ಊರಿಗೆ ಮರಳಲೇಬೇಕು. ಮಗುವಿಗೆ ಆಯಾ ಇಡೋಣವೆಂದು ಮಾತೆತ್ತಿದರೆ ಬಂಧುಗಳೆಲ್ಲರದೂ ಒಂದೇ ರಾಗ: "ನೀನು ಹೇಗೂ ಮನೆಯಲ್ಲೇ ಇರುತ್ತೀಯಲ್ಲ, ಸುಮ್ಮನೆ ದುಡ್ಡು ದಂಡ ಏಕೆ?"

ಅವರ ಮಾತನ್ನು ಪರೀಕ್ಷಿಸಿಯೂ ನೋಡಿದ್ದೇನೆ. ಹೋದ ತಿಂಗಳು ಅತ್ತೆ ನೆಂಟರ ಮದುವೆಗೆಂದು ಮೂರು ದಿನ ಊರಿಗೆ ಹೋಗಿದ್ದಾಗ ನಾನು ಎದ್ದಾಗಿನಿಂದ ಮಲಗುವವರೆಗಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟೆ. ಮಗು ಬೆಳಿಗ್ಗೆ 40 ನಿಮಿಷ, ಮಧ್ಯಾಹ್ನ ಸುಮಾರು ಒಂದೂವರೆ ಗಂಟೆ ಮಲಗುತ್ತದೆ. ಆ ಹೊತ್ತಿನಲ್ಲಿಯೇ ರಾಗಿ ಸರಿ ಕಾಯಿಸಬೇಕು, ಬಟ್ಟೆ ಒಣಹಾಕಬೇಕು, ನಾನು ಊಟ ಮಾಡಬೇಕು. ಮೂರು ಹಗಲುಗಳನ್ನು ಕೂಡಿಸಿದರೂ ಯಾರ ಅಡ್ಡಿಯೂ ಇಲ್ಲದೆ ಕುಳಿತು ಕೆಲಸ ಮಾಡಿದ್ದು 2 ಗಂಟೆ 10 ನಿಮಿಷ ಮಾತ್ರ. ಉಳಿದದ್ದನ್ನೆಲ್ಲ ರಾತ್ರಿ 10ರಿಂದ 2ರವರೆಗೆ ಕುಳಿತು ಮುಗಿಸಿದೆ. ಮೂರನೆಯ ದಿನ ಸಂಜೆ ಮೀಟಿಂಗಿನಲ್ಲಿ ನನ್ನ ಸರದಿ ಬಂದು ನಾಲ್ಕು ಮಾತು ಆಡುವಷ್ಟರಲ್ಲಿ ಮಗಳು ಚಾರ್ಜರಿನ ವೈರು ಹಿಡಿದು ಎದ್ದು ನಿಲ್ಲಲು ಹೋಗಿ ಲ್ಯಾಪ್‌ಟಾಪನ್ನು ಕೆಳಗೆಳೆದಳು. ಅದು ಅವಳ ಕಾಲಿನಿಂದ ಒಂದು ಗೇಣು ದೂರದಲ್ಲಿ ಬಿತ್ತು. ಅಂದಿನಿಂದ ನನಗೆ ಆ ಗೇಣಿನದೇ ಚಿಂತೆ.

ನಾನು ಕೆಲಸದಲ್ಲಿ ನಿಧಾನವೇ ಅಥವಾ ಇದು ಯಾರಿಂದಲೂ ಆಗದ ಕೆಲಸವೇ ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಮಲೆನಾಡಿನ ಅಪ್ಪ, ಶಿರಸಿ ಸೀಮೆ

ಪುಟ್ಟಿಯ ಅಮ್ಮ ಅವರೇ, ನೀವು ನಿಧಾನವಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಬಂದವನು ನಾನು. ಇಂದಿಗೂ ಇಲ್ಲಿಂದಲೇ ಕೆಲಸ ಮಾಡುತ್ತಿದ್ದೇನೆ. ನನ್ನ ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿ. ಆದ್ದರಿಂದ ಹಗಲಿನಲ್ಲಿ ಮಗನ ಜೊತೆ ಮನೆಯಲ್ಲಿರುವವನು ನಾನು.

ಊರಿನಲ್ಲಿ ಅಪ್ಪ, ಆಯಿ, ಚಿಕ್ಕಪ್ಪನ ಸಂಸಾರ ಎಲ್ಲರೂ ಇರುವುದರಿಂದ ಮಗು ಯಾರದೋ ಸೊಂಟದ ಮೇಲೆ ಬೆಳೆದುಬಿಡುತ್ತದೆ ಎಂದುಕೊಂಡಿದ್ದೆ. ಮಳೆಗಾಲದಲ್ಲಿ ಅದು ನಿಜವೂ ಆಯಿತು, ಆದರೆ ಆಗ ಕರೆಂಟು ಇರುತ್ತಿರಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ತಂತಿ ಹರಿಯುವುದು ಇಲ್ಲಿ ದಿನದ ಸುದ್ದಿ. ಇನ್ವರ್ಟರ್ ಕೈಕೊಟ್ಟ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹೋಗಿ ಕೊಡೆಯ ಕೆಳಗೆ ಮಾತನಾಡಿದ್ದೇನೆ. ಮಳೆ ಮುಗಿದು ಕರೆಂಟು ಸರಿಯಾಗುವ ಹೊತ್ತಿಗೆ ಅಡಿಕೆಯ ಕೊನೆಕೊಯ್ಲು ಆರಂಭ. ಅಡಿಕೆ ಸುಲಿಯುವ ಕಾಲದಲ್ಲಿ ಮನೆಯ ಪ್ರತಿಯೊಂದು ಕೈಗೂ ಮೆಟ್ಟುಗತ್ತಿಯ ಕೆಲಸವಿರುತ್ತದೆ, ಅಂಗಳದಲ್ಲಿ ಹರಿತವಾದದ್ದೂ ಬಿಸಿಯಾದದ್ದೂ ಇರುತ್ತದೆ, ಮತ್ತು ಮಗುವನ್ನು ನೋಡಿಕೊಳ್ಳಲು ಒಬ್ಬರೂ ಇರುವುದಿಲ್ಲ. ಕೂಡು ಕುಟುಂಬವಿದ್ದರೆ ಸಾಕು ಎನ್ನುವವರು ಆ ಕುಟುಂಬದವರಿಗೂ ಅವರವರ ಕೆಲಸವಿದೆ ಎಂಬುದನ್ನು ಮರೆಯುತ್ತಾರೆ.

ಇನ್ನೊಂದು ಮಾತು. ಮೀಟಿಂಗಿನ ನಡುವೆ ನನ್ನ ಮಗ ಬಂದು ತೊಡೆಯೇರಿದರೆ ಎಲ್ಲರೂ ನಕ್ಕು "ಒಳ್ಳೆಯ ಅಪ್ಪ" ಎನ್ನುತ್ತಾರೆ. ನಮ್ಮದೇ ತಂಡದ ಒಬ್ಬ ತಾಯಿಯ ಮಗು ಹಾಗೆ ಬಂದಾಗ ಅದೇ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಮೌನದ ಅರ್ಥ ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು.

ಕಾನೂನು ಓದಿದವಳು, ಮಂಗಳೂರು

ಬಂಧುಗಳ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿಯೇ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ಮೊದಲ ಎರಡು ಮಕ್ಕಳಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ್ದು ಎಲ್ಲರಿಗೂ ತಿಳಿದಿದೆ. ಅದೇ ತಿದ್ದುಪಡಿ ಇನ್ನೂ ಎರಡು ಸಂಗತಿಗಳನ್ನು ಸೇರಿಸಿತು. ಕೆಲಸದ ಸ್ವರೂಪ ಒಪ್ಪುವಂತಿದ್ದರೆ ರಜೆಯ ನಂತರವೂ ಮನೆಯಿಂದ ಕೆಲಸ ಮಾಡಲು ಮಾಲೀಕರು ಅವಕಾಶ ಕೊಡಬಹುದು. ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಎಂಬುದನ್ನು ಇಬ್ಬರೂ ಮಾತನಾಡಿ ತೀರ್ಮಾನಿಸಿಕೊಳ್ಳಬೇಕು. "ಕೊಡಬಹುದು" ಎಂದಿದೆಯೇ ಹೊರತು "ಕೊಡಲೇಬೇಕು" ಎಂದಿಲ್ಲ ಎಂಬುದನ್ನು ಗಮನಿಸಿ. ಇದಕ್ಕೆ ಬೇರೆಯಾಗಿ, 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ 4 ಸಲ ಅಲ್ಲಿಗೆ ಹೋಗಿ ಬರಲು ಬಿಡಬೇಕು ಎಂದಿದೆ. ಇದು ಕಡ್ಡಾಯ. 2025ರ ನವೆಂಬರಿನಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಈ ನಿಯಮಗಳು ಅದರಲ್ಲಿಯೂ ಹೀಗೆಯೇ ಇವೆ.

ಮನೆಯಿಂದ ಕೆಲಸ ಮಾಡುವುದೇ ಮಗುವಿನ ಪಾಲನೆಯೂ ಆಗುವಂತಿದ್ದರೆ ಈ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಿಲ್ಲ. ಒಂದು, ತಾಯಿ ಎಲ್ಲಿ ಕುಳಿತು ದುಡಿಯುತ್ತಾಳೆ ಎಂಬುದರ ವಿಚಾರ. ಇನ್ನೊಂದು, ಅವಳು ದುಡಿಯುವ ಹೊತ್ತಿನಲ್ಲಿ ಮಗು ಯಾರ ಬಳಿ ಇರುತ್ತದೆ ಎಂಬುದರ ವಿಚಾರ. ನಿಮ್ಮ ಕಂಪನಿಯವರು ಮನೆಯಿಂದ ಕೆಲಸ ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ಶಿಶುಪಾಲನಾ ಕೇಂದ್ರದ ವಿಷಯ ಎತ್ತದೇ ಇದ್ದರೆ ನೀವೇ ಲಿಖಿತವಾಗಿ ಕೇಳಿ. ನಿಮ್ಮ ಮನೆಗೆ ಸಮೀಪದ ಕೇಂದ್ರದ ಶುಲ್ಕದಲ್ಲಿ ಪಾಲು ಕೊಡುವಿರಾ ಎಂದೂ ಕೇಳಬಹುದು. ಕೇಳಿದರೆ ಒಪ್ಪುವವರಿದ್ದಾರೆ, ಕೇಳದಿದ್ದರೆ ತಾವಾಗಿಯೇ ಕೊಡುವವರನ್ನು ನಾನಂತೂ ಕಂಡಿಲ್ಲ.

ಈ ಕಾನೂನಿನ ದೊಡ್ಡ ಕೊರತೆ ಎಂದರೆ ಅಪ್ಪನ ಮಾತೇ ಅದರಲ್ಲಿ ಇಲ್ಲದಿರುವುದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ, ಪುರುಷರು 88 ನಿಮಿಷ ಕೊಡುತ್ತಾರೆ ಎಂದಿದೆ. ಶಿರಸಿಯ ಅಪ್ಪ ಇದಕ್ಕೆ ಹೊರತಾಗಿರುವುದು ಸಂತೋಷ.

ನಿವೃತ್ತ ಅಜ್ಜ, ಮೈಸೂರು

ಮಗಳೇ, ನಿನ್ನ ಬರಹದಲ್ಲಿ ನಿನ್ನ ಅತ್ತೆಯ ವಿಚಾರ ನಾಲ್ಕು ಸಾಲಿನಲ್ಲಿ ಮುಗಿದುಹೋಗಿದೆ. ತಪ್ಪು ತಿಳಿಯಬೇಡ, ನಾನು ಆ ನಾಲ್ಕು ಸಾಲಿನೊಳಗೆ ಸಿಕ್ಕಿಕೊಂಡವರ ಕಡೆಯಿಂದ ಮಾತನಾಡುತ್ತಿದ್ದೇನೆ.

ನನಗೆ 68, ನನ್ನ ಹೆಂಡತಿಗೆ 64. ಮೊಮ್ಮಗನನ್ನು ನೋಡಿಕೊಳ್ಳಲು ಎರಡು ವರ್ಷದಲ್ಲಿ ಮೂರು ಸಲ ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದಿದ್ದೇವೆ. ಮಗುವಿನ ಮೇಲೆ ಪ್ರೀತಿಯಿದ್ದರೂ, ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ಓಡುವ ಮಗುವಿನ ಹಿಂದೆ ಓಡಲು ಮಂಡಿ ಒಪ್ಪಬೇಕಲ್ಲ. ಅದಕ್ಕಿಂತಲೂ ಕಷ್ಟವಾದದ್ದು ಸದ್ದಿನ ವಿಚಾರ. ಮಗ ಒಂದು ಕೋಣೆಯಲ್ಲಿ, ಸೊಸೆ ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿದ್ದರೆ ನಡುಮನೆಯಲ್ಲಿ ನಾವು ಕಳ್ಳರ ಹಾಗೆ ನಡೆದಾಡಬೇಕಿತ್ತು. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸಿ ಅನ್ನ ಅರೆಬೆಂದ ದಿನಗಳಿವೆ. ಮಿಕ್ಸಿ ಹಾಕಬೇಕಾದರೆ ಬಾಗಿಲ ಸಂದಿಯಿಂದ ಕೈ ಸನ್ನೆ ಮಾಡಿ ಅನುಮತಿ ಪಡೆಯಬೇಕಿತ್ತು. ಮಗು ಅತ್ತರೆ ಅದಕ್ಕೆ ಏನಾಯಿತು ಎಂದು ನೋಡುವುದಕ್ಕಿಂತ ಮೊದಲು ಯಾರಿಗೆ ಮೀಟಿಂಗ್ ಇದೆ ಎಂದು ಯೋಚಿಸುತ್ತಿದ್ದೆವು. ನಾನು 34 ವರ್ಷ ಕಚೇರಿಯಲ್ಲಿ ದುಡಿದು ನಿವೃತ್ತನಾದವನು; ಮತ್ತೆ ಕಚೇರಿಯಲ್ಲಿ ವಾಸ ಮಾಡಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

ಕೊನೆಗೆ ನನ್ನ ಹೆಂಡತಿಯೇ ಒಂದು ದಿನ ಮಗನನ್ನು ಕೂರಿಸಿಕೊಂಡು, "ನಾವು ವರ್ಷಕ್ಕೆ ಎರಡು ಸಲ, ಒಂದೊಂದು ತಿಂಗಳು ಬರುತ್ತೇವೆ, ಆಗಲೂ ಆಯಾ ಇರಬೇಕು, ನಾವು ಅಜ್ಜ ಅಜ್ಜಿಯಾಗಿ ಬರುತ್ತೇವೆ, ಕೆಲಸದವರಾಗಿ ಅಲ್ಲ" ಎಂದಳು. ಮಗನಿಗೆ ಬೇಸರವಾಯಿತು. ಒಂದು ವಾರ ಫೋನ್ ಮಾಡಲಿಲ್ಲ. ಆಮೇಲೆ ಎಲ್ಲ ಸರಿಹೋಯಿತು. ನಿನ್ನ ಅತ್ತೆ ಊರಿಗೆ ಹೋಗುವ ಮುನ್ನ ಅವರಿಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಒಮ್ಮೆ ಕೇಳು.

ಧಾರವಾಡದ ಅನುವಾದಕಿ

ಇಲ್ಲಿಯ ಎಲ್ಲ ಮಾತುಗಳಿಗೂ ಸ್ವಲ್ಪ ಭಿನ್ನವಾದುದನ್ನು ಹೇಳಬೇಕಿದೆ. ಯಾರ ಸಹಾಯವೂ ಇಲ್ಲದೆ ಮನೆಯಿಂದ ಕೆಲಸ ಮಾಡುತ್ತ ಮಗುವನ್ನು ಬೆಳೆಸಿದವಳು ನಾನು. ಆದ್ದರಿಂದ "ಯಾರಿಂದಲೂ ಆಗದು" ಎನ್ನುವುದನ್ನು ಒಪ್ಪಲಾರೆ. ಆದರೆ ಹೇಗೆ ಆಯಿತು ಎಂಬುದನ್ನೂ ಹೇಳದಿದ್ದರೆ ಅದು ಸುಳ್ಳಾಗುತ್ತದೆ.

ನನ್ನ ದೃಷ್ಟಿಯಲ್ಲಿ ಮನೆಯಿಂದ ಮಾಡುವ ಕೆಲಸದಲ್ಲಿ ಎರಡು ಜಾತಿ: ಗಡುವಿನ ಕೆಲಸ ಮತ್ತು ಗಡಿಯಾರದ ಕೆಲಸ. ನನ್ನದು ಗಡುವಿನದು. ಸೋಮವಾರ ಬೆಳಿಗ್ಗೆ 20 ಪುಟ ಕಳಿಸಬೇಕೆಂದರೆ ಅದನ್ನು ರಾತ್ರಿ ಮಾಡಿದೆನೋ ಬೆಳಗಿನ ಜಾವ ಮಾಡಿದೆನೋ ಎಂದು ಯಾರೂ ಕೇಳುವುದಿಲ್ಲ. ಪುಟ್ಟಿಯ ಅಮ್ಮನವರದು ಗಡಿಯಾರದ ಕೆಲಸ. ಸಂಜೆ 6ಕ್ಕೆ ಅವರು ಪರದೆಯ ಮುಂದೆ ಇರಲೇಬೇಕು, ಮತ್ತು 11 ತಿಂಗಳ ಕೂಸಿಗೆ ಹಸಿವು, ನಿದ್ದೆ, ರಂಪ ಎಲ್ಲವೂ ಕೂಡಿ ಬರುವುದು ಆ ಹೊತ್ತಿನಲ್ಲಿಯೇ. ಗಡುವಿನ ಕೆಲಸವನ್ನು ಮಗುವಿನ ನಿದ್ದೆಯ ನಡುವೆ ತುರುಕಬಹುದು, ಗಡಿಯಾರದ ಕೆಲಸವನ್ನು ತುರುಕಲಾಗದು.

ತುರುಕಿದ್ದಕ್ಕೆ ನಾನು ತೆತ್ತದ್ದು ಎರಡು ವರ್ಷದ ನಿದ್ದೆ. ಪುಟದ ಲೆಕ್ಕದಲ್ಲಿ ಹಣ ಪಡೆಯುವವರಿಗೆ 26 ವಾರಗಳ ರಜೆ ಎಂಬುದೊಂದು ಕಥೆ. ಹೆರಿಗೆಯಾದ ಐದನೆಯ ವಾರಕ್ಕೆ ನಾನು ಕೆಲಸಕ್ಕೆ ಕುಳಿತಿದ್ದೆ. ಅಂಗನವಾಡಿ ಶಾಲೆಗೆ 3 ವರ್ಷ ತುಂಬಬೇಕು, ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಮಾತ್ರ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯತಿಗಳಲ್ಲಿ "ಕೂಸಿನ ಮನೆ" ತೆರೆದರು. ಆ ಹೆಸರು ಕೇಳಿದಾಗ, ನಮ್ಮ ಓಣಿಯಲ್ಲಿಯೂ ಅಂಥದೊಂದು ಇದ್ದಿದ್ದರೆ ಎಂದು ಹೊಟ್ಟೆಕಿಚ್ಚಾಗಿದ್ದುಂಟು.

ತಂಡದ ಮುಖ್ಯಸ್ಥ, ಬೆಂಗಳೂರು

ನಾನು 14 ಜನರ ತಂಡವನ್ನು ನೋಡಿಕೊಳ್ಳುತ್ತೇನೆ, ಅವರಲ್ಲಿ ಐವರಿಗೆ ಚಿಕ್ಕ ಮಕ್ಕಳಿದ್ದಾರೆ. ಕೆಲವರಿಗೆ ನನ್ನ ಮಾತು ಹಿಡಿಸದಿರಬಹುದು. ಮಗು ಮನೆಯಲ್ಲಿದ್ದು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ ಆ ಉದ್ಯೋಗಿ ಅಂದು ಕೆಲಸದಲ್ಲಿದ್ದಾರೆ ಎಂದು ಬರೆದುಕೊಳ್ಳುವುದು ಇಬ್ಬರಿಗೂ ಮೋಸ. ಅರ್ಧ ಗಮನದಲ್ಲಿ ಮಾಡಿದ ಟೆಸ್ಟಿಂಗಿನ ತಪ್ಪು ಮೂರು ವಾರದ ನಂತರ ಹೊರಬಿದ್ದಾಗ ಅದರ ಹೊಣೆ ಆ ತಾಯಿಯ ತಲೆಯ ಮೇಲೆಯೇ ಬರುತ್ತದೆ, ಅಂದು ಅವಳ ಮಗುವಿಗೆ ಹಲ್ಲು ಬರುತ್ತಿತ್ತು ಎಂಬುದು ಯಾವ ವರದಿಯಲ್ಲಿಯೂ ಇರುವುದಿಲ್ಲ.

"ಕೊರೊನಾ ಕಾಲದಲ್ಲಿ ಎಲ್ಲರೂ ನಿಭಾಯಿಸಲಿಲ್ಲವೇ?" ಎಂದು ನನ್ನ ಮೇಲಿನವರೂ ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ 1ರಿಂದ 5ನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಅಲ್ಲಿಯವರೆಗೆ ಎಲ್ಲರ ಮನೆಯಲ್ಲಿಯೂ ಮಕ್ಕಳಿದ್ದರು, ಎಲ್ಲರ ಮೀಟಿಂಗಿನಲ್ಲಿಯೂ ಗಲಾಟೆಯಿತ್ತು, ಗ್ರಾಹಕರ ಮನೆಯಲ್ಲಿಯೂ ಇತ್ತು. ಎಲ್ಲರಿಗೂ ಒಂದೇ ಕಷ್ಟ ಬಂದಿದ್ದಾಗ ಸಿಕ್ಕ ಕ್ಷಮೆ ಈಗ ಒಬ್ಬರಿಗೇ ಕಷ್ಟ ಬಂದಾಗ ಸಿಗುವುದಿಲ್ಲ. ನಾವು ನಿಭಾಯಿಸಿದೆವು ಎನ್ನುವುದಕ್ಕಿಂತ ಒಬ್ಬರನ್ನೊಬ್ಬರು ಸಹಿಸಿಕೊಂಡೆವು ಎನ್ನುವುದು ಹೆಚ್ಚು ನಿಜ.

ಪುಟ್ಟಿಯ ಅಮ್ಮನವರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಪ್ರತಿ ವರ್ಷ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್‌ನ ಎರಡನೆಯ ಭಾನುವಾರ ಮುಂದಕ್ಕೆ. ಅಲ್ಲಿಯ ಬೆಳಿಗ್ಗೆ 8:30ರ ಮೀಟಿಂಗ್ ಈಗ ನಿಮಗೆ ಸಂಜೆ 6 ಆಗಿದ್ದರೆ ನವೆಂಬರಿನಿಂದ 7 ಆಗುತ್ತದೆ. ಆಯಾ ಅವರ ಹೊತ್ತನ್ನು ಈಗಿನ ಲೆಕ್ಕದಲ್ಲಿ ಗೊತ್ತುಮಾಡಿಕೊಂಡರೆ ಚಳಿಗಾಲದಲ್ಲಿ ಅವರು ಹೊರಡುವ ವೇಳೆಗೆ ನೀವು ಮೀಟಿಂಗಿನ ನಡುವೆ ಇರುತ್ತೀರಿ. ಈಗಲೇ ಮುಖ್ಯಸ್ಥರ ಬಳಿ ಮಾತನಾಡಿ, ವಾರಕ್ಕೆ ಎರಡು ದಿನವಾದರೂ ಆ ಮೀಟಿಂಗಿಗೆ ಬದಲಾಗಿ ಬರಹದಲ್ಲಿ ವರದಿ ಕೊಡುವೆನೆಂದು ಕೇಳಿ. ನನ್ನ ತಂಡದಲ್ಲಿ ಇಬ್ಬರು ಹೀಗೆ ಮಾಡುತ್ತಿದ್ದಾರೆ; ನಿಜ ಹೇಳಬೇಕೆಂದರೆ ಅವರ ವರದಿಗಳೇ ಹೆಚ್ಚು ಸ್ಪಷ್ಟವಾಗಿರುತ್ತವೆ.

ಪುಟ್ಟಿಯ ಅಮ್ಮ, ಬೆಂಗಳೂರು

ಎಲ್ಲರ ಉತ್ತರಗಳನ್ನೂ ಯಜಮಾನರ ಜೊತೆ ಕುಳಿತು ಓದಿದೆ. ಅಜ್ಜ ಅವರೇ, ನಿಮ್ಮ ಮಾತು ತಾಗಿತು. ನಿನ್ನೆ ಅತ್ತೆಯವರನ್ನು ಕೇಳಿದಾಗ ಅವರು ಮೊದಲು "ನನಗೇನು ಕಷ್ಟ" ಎಂದರು, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಆರು ತಿಂಗಳಿಂದ ಮಧ್ಯಾಹ್ನ ಒಂದು ದಿನವೂ ಬೆನ್ನು ನೆಲಕ್ಕೆ ತಾಗಿಸಿಲ್ಲ ಎಂದರು. ಒಂದೇ ಮನೆಯಲ್ಲಿದ್ದೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ನನ್ನ ಕೋಣೆಯ ಬಾಗಿಲು ಹಾಕಿರುತ್ತಿತ್ತು.

ಹಣದ ವಿಚಾರದಲ್ಲಿ ಇನ್ನೊಂದು ಸಂಗತಿಯೂ ಹೊಳೆಯಿತು. ಆಯಾ ಅವರಿಗೆ ಕೊಡುವುದನ್ನು ಎಲ್ಲರೂ, ನಾನೂ ಸಹ, ನನ್ನ ಸಂಬಳದಿಂದಲೇ ಕಳೆದು, "ಉಳಿಯುವುದು ಇಷ್ಟೇ, ಇದಕ್ಕಾಗಿ ದುಡಿಯಬೇಕೇ?" ಎಂದು ಲೆಕ್ಕ ಹಾಕುತ್ತಿದ್ದೆವು. ಮಗು ಇಬ್ಬರದು. ಇಬ್ಬರ ಸಂಬಳವನ್ನೂ ಕೂಡಿಸಿ ಅದರಿಂದ ಕಳೆದಾಗ ಅದು ಮನೆ ಬಾಡಿಗೆಯಂತೆ ಒಂದು ಖರ್ಚಾಗಿ ಕಂಡಿತು, ನನ್ನ ಮೇಲಿನ ದಂಡವಾಗಿ ಕಾಣಲಿಲ್ಲ.

ಸ್ಟಾಕ್‌ಹೋಮ್ ಕನ್ನಡತಿ

ತಡವಾಗಿ ಬರೆಯುತ್ತಿದ್ದೇನೆ. ಸ್ವೀಡನ್‌ಗೆ ಬಂದ ಹೊಸದರಲ್ಲಿ ಮಗನಿಗೆ ಜ್ವರ ಬಂದಾಗ, ಊರಿನ ರೂಢಿಯಂತೆ, "ಮನೆಯಲ್ಲೇ ಇದ್ದೇನೆ, ಮಗುವನ್ನೂ ನೋಡಿಕೊಂಡು ಕೆಲಸವನ್ನೂ ಮಾಡುತ್ತೇನೆ" ಎಂದು ತಂಡಕ್ಕೆ ತಿಳಿಸಿದ್ದೆ. ನನ್ನ ಮೇಲಧಿಕಾರಿ ಕೂಡಲೇ ಫೋನ್ ಮಾಡಿ, "ಎರಡರಲ್ಲಿ ಯಾವುದು ಎಂದು ಹೇಳಿ" ಎಂದರು. ಬೈಯುತ್ತಿದ್ದಾರೆ ಎಂದು ತಿಳಿದು ಗಾಬರಿಯಾಗಿದ್ದೆ.

ಇಲ್ಲಿ ಕಾಯಿಲೆಯ ಮಗುವನ್ನು ನೋಡಿಕೊಳ್ಳಲು ಕೆಲಸ ಬಿಟ್ಟು ಮನೆಯಲ್ಲಿರುವುದಕ್ಕೆ "ವಾಬ್" ಎನ್ನುತ್ತಾರೆ. ಒಂದು ಮಗುವಿಗೆ ವರ್ಷಕ್ಕೆ 120 ದಿನಗಳವರೆಗೆ, ಸಂಬಳದ ಹೆಚ್ಚುಕಡಿಮೆ ಶೇ 80ರಷ್ಟನ್ನು ಸರ್ಕಾರದ ವಿಮಾ ಸಂಸ್ಥೆ ಕೊಡುತ್ತದೆ. ಅಪ್ಪನೂ ತೆಗೆದುಕೊಳ್ಳಬಹುದು, ಅಮ್ಮನೂ ತೆಗೆದುಕೊಳ್ಳಬಹುದು. ಆದರೆ ಆ ಹಣ ಪಡೆಯುವ ಹೊತ್ತಿನಲ್ಲಿ ಕೆಲಸ ಮಾಡುವಂತಿಲ್ಲ. ಫೆಬ್ರವರಿಯಲ್ಲಿ ಮಕ್ಕಳಿಗೆ ನೆಗಡಿ ಜ್ವರ ಹೆಚ್ಚಾಗಿ ಕಚೇರಿಗಳೆಲ್ಲ ಅರ್ಧ ಖಾಲಿಯಾಗುವುದರಿಂದ ಆ ತಿಂಗಳಿಗೆ ತಮಾಷೆಯಾಗಿ "ವಾಬ್‌ರುವರಿ" ಎಂಬ ಹೆಸರೇ ಇದೆ.

ನಮ್ಮಲ್ಲಿ ಇಷ್ಟೆಲ್ಲ ಸದ್ಯಕ್ಕೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ "ಎರಡರಲ್ಲಿ ಯಾವುದು" ಎಂಬ ಪ್ರಶ್ನೆಯನ್ನು ಗಂಡ ಹೆಂಡತಿ ಪ್ರತಿದಿನ ಬೆಳಿಗ್ಗೆ ಕೇಳಿಕೊಳ್ಳಲು ಯಾವ ಸರ್ಕಾರವೂ ಬೇಕಾಗಿಲ್ಲ. ಪುಟ್ಟಿಗೆ ಜ್ವರ ಬಂದ ದಿನ ಡೇ ಕೇರಿನವರು ಸೇರಿಸಿಕೊಳ್ಳುವುದಿಲ್ಲ, ಆಯಾ ಅವರೂ ಹಿಂಜರಿಯಬಹುದು. ಅಂದು ಏನು ಮಾಡುತ್ತೀರಿ ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ, ಇಲ್ಲದಿದ್ದರೆ ಅದು ತಾನಾಗಿಯೇ ಅಮ್ಮನ ಪಾಲಿಗೆ ಬೀಳುತ್ತದೆ.

ಪುಟ್ಟಿಯ ಅಮ್ಮ, ಬೆಂಗಳೂರು

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಪಕ್ಕದ ಬೀದಿಯ ಡೇ ಕೇರಿನಲ್ಲಿ ಪುಟ್ಟಿಯನ್ನು ಬೆಳಿಗ್ಗೆ 9:30ರಿಂದ 1:30ರವರೆಗೆ ಬಿಡುತ್ತಿದ್ದೇವೆ. ಮೊದಲ ನಾಲ್ಕು ದಿನ ಅವಳೂ ಅತ್ತಳು, ನಾನೂ ಅತ್ತೆ. ಸಂಜೆ 5:30ರಿಂದ 8:30ರವರೆಗೆ ನಮ್ಮ ಬೀದಿಯವರೇ ಆದ ಒಬ್ಬ ಅಕ್ಕ ಬರುತ್ತಾರೆ. ನವೆಂಬರಿನಿಂದ ಒಂದು ಗಂಟೆ ತಡವಾಗಿ ಬರಲು ಅವರು ಒಪ್ಪಿದ್ದಾರೆ. ಮಂಗಳವಾರ ಮತ್ತು ಗುರುವಾರ ನಾನು ಮೀಟಿಂಗಿನ ಬದಲು ವರದಿ ಬರೆದು ಕಳಿಸುತ್ತೇನೆ. ಶಿಶುಪಾಲನಾ ಶುಲ್ಕದ ಬಗ್ಗೆ ಕಂಪನಿಗೆ ಬರೆದ ಪತ್ರಕ್ಕೆ "ಪರಿಶೀಲಿಸುತ್ತಿದ್ದೇವೆ" ಎಂಬ ಉತ್ತರ ಎರಡು ಸಲ ಬಂದಿದೆ. ಅತ್ತೆಯವರು ದೀಪಾವಳಿಗೆ ಬರುತ್ತಾರೆ. ಆಗಲೂ ಸಂಜೆಯ ಅಕ್ಕ ಬರುವುದನ್ನು ನಿಲ್ಲಿಸುವುದಿಲ್ಲ ಎಂದು ಈಗಲೇ ಹೇಳಿದ್ದೇನೆ.

ಜ್ವರದ ದಿನದ ವಿಚಾರಕ್ಕೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಒಂದು ಒಪ್ಪಂದ ಬರೆದಿದ್ದೇವೆ: ಬೆಸ ತಾರೀಖು ಯಜಮಾನರ ರಜೆ, ಸಮ ತಾರೀಖು ನನ್ನ ರಜೆ. 31ರ ಮಾರನೆಯ ದಿನ 1 ಬರುತ್ತದೆ, ಎರಡೂ ಬೆಸ ಎಂಬುದನ್ನು ಅವರು ಸಹಿ ಹಾಕುವ ಮೊದಲೇ ಕಂಡುಹಿಡಿದು ತಕರಾರು ತೆಗೆದಿದ್ದರು. ನಿನ್ನೆ ರಾತ್ರಿ ಪುಟ್ಟಿಗೆ 101 ಜ್ವರ. ಇಂದು 17. ಅವರು ಕಾರ್ಖಾನೆಗೆ ಫೋನ್ ಮಾಡಿ ರಜೆ ಹೇಳಿ, ಈಗ ಪಕ್ಕದ ಕೋಣೆಯಲ್ಲಿ ಅವಳಿಗೆ ಗಂಜಿ ತಿನ್ನಿಸಲು ಹೆಣಗುತ್ತಿದ್ದಾರೆ. ಅಳು ಇಲ್ಲಿಯವರೆಗೂ ಕೇಳಿಸುತ್ತಿದೆ. ನನಗೆ 11ಕ್ಕೆ ಮೀಟಿಂಗ್ ಇದೆ.